ದಿಲ್ಷಾದ್ ಮೇಡಂಗೆ ಇನ್ನೊಬ್ಬರು ಬೇಕು

ಲೋಕಿಕೆರೆಯಲ್ಲಿ ಕೋಳಿಗಳ ಕೂಗು ಇನ್ನೂ ನಿಂತಿಲ್ಲ. ಚೌಡವ್ವನ ಮನೆಯ ಒಲೆ ಆಗಲೇ ನಿಗಿನಿಗಿ ಉರಿಯುತ್ತಿದೆ, ರೊಟ್ಟಿ ತಟ್ಟುವ ಸಪ್ಪಳ ಬೀದಿಗೂ ಕೇಳುತ್ತಿದೆ. ಆಕೆಯ ರೊಟ್ಟಿ ಕಟ್ಟು ಮೊದಲ ಬಸ್ಸಿಗೆ ಏರಿ ದಾವಣಗೆರೆಯ ವಿದ್ಯಾನಗರದ ಖಾನಾವಳಿ ಸೇರಬೇಕು. ಈ ಹೊತ್ತಿನಲ್ಲಿ ಯಾರೇ ಬಂದರೂ ಆಕೆ ಒಲೆ ಬಿಟ್ಟು ಏಳುವುದಿಲ್ಲ. ಅದು ಗೊತ್ತಿದ್ದೇ ದಿಲ್ಷಾದ್ ಬೇಗಂ ನಿಟ್ಟುವಳ್ಳಿಯ ಮನೆಯಿಂದ ಕತ್ತಲಲ್ಲೇ ಸ್ಕೂಟಿ ಹತ್ತಿ ಬಂದಿದ್ದಾರೆ.

"ಕೈ ತುಂಬ ಹಿಟ್ಟಿದ್ರೆ ಬಾಗ್ಲು ಹಾಕ್ಕೊಳ್ಳಾಕೆ ಆಗಲ್ಲ ನೋಡ್ರಿ," ಎಂದು ಸ್ಟ್ಯಾಂಡ್ ಹಾಕುತ್ತಲೇ ಜೊತೆಗೆ ಬಂದ ನನ್ನ ಕಿವಿಯಲ್ಲಿ ಮೆಲ್ಲಗೆ ಗುಟ್ಟು ಹೇಳಿ ನಗುತ್ತಾರೆ.

ದಿಲ್ಷಾದ್ ಯಾವ ಸೀರೆ ವ್ಯಾಪಾರಕ್ಕೂ ಬಂದವರಲ್ಲ, ವಿಮೆ ಮಾಡಿಸಲೂ ಬಂದಿಲ್ಲ. ಹರಿಹರದ ಒಂದು ಪುಟ್ಟ ಕಾಲೇಜಿನಲ್ಲಿ ಐಚ್ಛಿಕ ಕನ್ನಡ, ಅಂದರೆ ಸಾಹಿತ್ಯವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡ ಮಕ್ಕಳಿಗೆ ಪಾಠ ಹೇಳುವ ಅಧ್ಯಾಪಕಿ. ಈ ಸಲ ಮೊದಲ ವರ್ಷಕ್ಕೆ ಹತ್ತು ಮಂದಿ ಸೇರಿದರೆ ವಿಭಾಗ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತೇವೆ ಎಂದು ಆಡಳಿತ ಮಂಡಳಿ ಕಡ್ಡಿ ಮುರಿದಂತೆ ಹೇಳಿದೆ. ಒಂಬತ್ತು ಮಂದಿ ಸಿಕ್ಕಿದ್ದಾರೆ. ಹರಿಹರದ ಸುತ್ತಲಿನ ಹಳ್ಳಿಗಳನ್ನು ದೊಡ್ಡ ಕಾಲೇಜಿನವರು ಬಸ್ಸು ಬಿಟ್ಟು ಬಳಿದುಕೊಂಡು ಹೋಗಿದ್ದರಿಂದ ಮೇಡಂ ಲೋಕಿಕೆರೆಯವರೆಗೆ ಬರಬೇಕಾಗಿದೆ. ಪಿಎಚ್‌ಡಿ ಮಾಡಿದ ಹೆಣ್ಣುಮಗಳೊಬ್ಬಳು ಹೊತ್ತು ಹುಟ್ಟುವ ಮೊದಲೇ ಕಂಡವರ ಜಗಲಿಯಲ್ಲಿ ಕೂತು, ಓದುವ ಮಕ್ಕಳಿದ್ದರೆ ಕೊಡ್ರಿ ಎಂದು ಕೇಳಬೇಕಾದ ಕಾಲ ಬಂತಲ್ಲ, ಛೇ!

ಚೌಡವ್ವನ ಮಗಳು ಭುವನೇಶ್ವರಿ ಪಿಯುಸಿಯಲ್ಲಿ ಕಾಮರ್ಸ್ ಓದಿದವಳು. ದಾವಣಗೆರೆಯಲ್ಲಿ ಬಿಕಾಂ ಸೀಟು ಕಾದಿದೆ. ಹುಡುಗಿಗೆ ಮಾತ್ರ ಕನ್ನಡದ ಹುಚ್ಚು. ಹರಿಹರದಲ್ಲಿ ಸೋದರತ್ತೆಯ ಮನೆ ಇದೆ, ಅಲ್ಲೇ ಇದ್ದು ಮೇಡಂ ಹತ್ತಿರ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಒಪ್ಪಬೇಕಾದವಳು ಒಲೆಯ ಮುಂದಿದ್ದಾಳೆ.

"ಬರ್ರಿ ಮೇಡಂ, ಕೂಡ್ರಿ. ಬಿಸಿ ರೊಟ್ಟಿ ತಿನ್ರಿ. ಮಾತು ಆಮ್ಯಾಗೆ," ಅನ್ನುತ್ತಾಳೆ ಚೌಡವ್ವ.

ದಿಲ್ಷಾದ್ ರೊಟ್ಟಿ ಮುರಿಯುತ್ತಾ ಇನ್ನೊಂದು ಕೈಯಲ್ಲಿ ಫೋನು ತೆಗೆಯುತ್ತಾರೆ. ಅದರಲ್ಲಿ 'ಅವಕಾಶ' ಎಂಬ ವಾಟ್ಸಾಪ್ ಗುಂಪು. ಅವರೇ ಕಟ್ಟಿದ್ದು. ಸಾಹಿತ್ಯ, ಇತಿಹಾಸ, ಜಾನಪದ ಓದಿದ ಮಕ್ಕಳಿಗೆ ಎಲ್ಲಿ ಶಿಷ್ಯವೇತನ ಉಂಟು, ಎಲ್ಲಿ ವಿಚಾರ ಸಂಕಿರಣಕ್ಕೆ ಪ್ರಬಂಧ ಕರೆದಿದ್ದಾರೆ, ಯಾವ ಸಂಶೋಧನಾ ಯೋಜನೆಗೆ ಸಹಾಯಕರು ಬೇಕು ಎಂಬ ಪ್ರಕಟಣೆಗಳೆಲ್ಲ ಬರುವುದು ಇಂಗ್ಲಿಷಿನಲ್ಲಿ, ಅದೂ ಬಾಯಿಗೆ ಸಿಗದ ಇಂಗ್ಲಿಷಿನಲ್ಲಿ. ಹಳ್ಳಿ ಮಕ್ಕಳು ಓದಿ ಹೆದರಿ ಸುಮ್ಮನಾಗುತ್ತಾರೆ. ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ ಕೂಡಲೇ ದಿಲ್ಷಾದ್ ಅದನ್ನೆಲ್ಲ ತಿಳಿಗನ್ನಡ ಮಾಡಿ ದನಿ ಮುದ್ರಿಸಿ ಕಳಿಸುತ್ತಾರೆ. ಕಂಡಕ್ಟರನ ಸೀಟಿ, ಮಕ್ಕಳ ಅಳು, ಎಲ್ಲವೂ ಅದರಲ್ಲಿ ಕೇಳುತ್ತದೆ. ಅದು ಫೋನಿನಿಂದ ಫೋನಿಗೆ ಹರಿದು ಭುವನೇಶ್ವರಿಯಂಥ ಪಿಯುಸಿ ಮಕ್ಕಳಿಗೂ ಮುಟ್ಟುತ್ತದೆ. ಯಾರೂ ಹೇಳಿದ ಕೆಲಸವಲ್ಲ, ಯಾರೂ ಹೊಗಳಿದ ಕೆಲಸವೂ ಅಲ್ಲ. ದಾವಣಗೆರೆ ಸೀಮೆಯಲ್ಲಿ ಕನ್ನಡ ಎಂಎ ಮಾಡಿದ ಮಕ್ಕಳನ್ನು ಕೇಳಿ ನೋಡಿ, ಮುಕ್ಕಾಲು ಪಾಲು ಮಂದಿಗೆ ಫೆಲೋಶಿಪ್ ಅನ್ನುವುದೊಂದು ಇದೆ ಎಂದು ಗೊತ್ತಾದದ್ದೇ ಈ ದನಿಯಿಂದ.

"ಕೇಳವ್ವಾ ಇಲ್ಲಿ," ಎಂದು ದಿಲ್ಷಾದ್ ಫೋನನ್ನು ಒಲೆಯತ್ತ ಹಿಡಿಯುತ್ತಾರೆ. ಅವರದೇ ದನಿ ಮಾತಾಡುತ್ತದೆ. "ಮಕ್ಕಳೇ, ನಮಸ್ಕಾರ. ಹಸ್ತಪ್ರತಿ ಓದೋದು ಕಲಿಸೋ ಕಾರ್ಯಾಗಾರ ಐತೆ, ಊಟ ವಸತಿ ಅವರದೇ. ಜಾನಪದ ಯೋಜನೆಗೆ ಕ್ಷೇತ್ರ ಸಹಾಯಕರು ಬೇಕಂತೆ, ಆರು ತಿಂಗಳಿಗೆ. ಹೆದರಬ್ಯಾಡ್ರಿ, ಅರ್ಜಿ ಹಾಕ್ರಿ."

ಚೌಡವ್ವ ಕೇಳಿಸಿಕೊಳ್ಳುತ್ತಾಳೆ, ರೊಟ್ಟಿ ತಿರುವಿ ಹಾಕುತ್ತಾಳೆ. "ಆರು ತಿಂಗ್ಳು ಆದ್ಮ್ಯಾಗೆ?"

ಆರು ತಿಂಗಳ ಮೇಲಿನ ಮಾತನ್ನು ದಿಲ್ಷಾದ್‌ಗಿಂತ ಚೆನ್ನಾಗಿ ಬಲ್ಲವರು ಯಾರು? ಮೊಹರಂ ಹಬ್ಬದಲ್ಲಿ ಹಾಡುವ ಪದಗಳ ಮೇಲೆ ಊರೂರು ಅಲೆದು ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು ಅವರು. ಕಾಯಂ ಹುದ್ದೆಗೆ ಅರ್ಜಿ ಕರೆಯುತ್ತಾರೆ ಎಂದು ಕಾದರು, ಕರೆದಾಗ ವಯಸ್ಸು ದಾಟಿತ್ತು. ಎರಡು ದಶಕದಿಂದ ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಇಷ್ಟು ವರ್ಷ ಒಂದೇ ಮನೆಯಲ್ಲಿ ದುಡಿದವರನ್ನು ಯಾರಾದರೂ ಅತಿಥಿ ಅನ್ನುತ್ತಾರೆಯೇ? ನಮ್ಮ ಕಾಲೇಜುಗಳು ಅನ್ನುತ್ತವೆ. ರಜೆ ಬಂದರೆ ಸಂಬಳವಿಲ್ಲ, ಜೂನ್ ಬಂದರೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಪುಕುಪುಕು. ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ದುಡಿಯುವ ಗಂಡ ಅತೀಕ್ ತಮಾಷೆಗೆ ಹೇಳುವ ಮಾತಿನಲ್ಲಿ ನೋವೇ ಜಾಸ್ತಿ: "ಊರಿಗೆಲ್ಲ ಶಕುನ ಹೇಳೋ ಹಲ್ಲಿ ಕಲಗಚ್ಚಿನ ಬಾನ್ಯಾಗೆ ಬಿತ್ತಂತೆ. ನಮ್ಮ ಮನೆಯಾಕಿದೂ ಅದೇ ಕತೆ ರೀ."

ಚೌಡವ್ವನ ಬತ್ತಳಿಕೆಯಲ್ಲಿ ಇನ್ನೂ ಬಾಣಗಳಿವೆ. "ಕೆಂಚವೀರಪ್ಪ ನಿಮ್ಮ ಶಿಷ್ಯ ಅಲ್ಲೇನ್ರಿ? ಡಾಕ್ಟ್ರು ಅಂತ ಹೆಸ್ರು ಮುಂದೆ ಬರ್ಸ್ಕೊಂಡಾನೆ. ಮೊನ್ನೆ ಲಗೇಜ್ ಆಟೋ ತಂದು ನಮ್ಮೋಣಿ ಭತ್ತದ ಚೀಲ ಹೇರ್ಕೊಂಡು ಹೋದ. ಪಾಪ, ಬಂಗಾರದಂಥ ಹುಡ್ಗ. ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನಂಗಾತು."

ದಿಲ್ಷಾದ್ ರೊಟ್ಟಿ ಕೆಳಗಿಡುತ್ತಾರೆ. ಕೆಂಚವೀರಪ್ಪ ಅವರ ಕೈಯಲ್ಲಿ ಓದಿದ ಮಕ್ಕಳಲ್ಲೇ ಜಾಣ. 'ಅವಕಾಶ'ದ ಪ್ರತಿ ಸುದ್ದಿಗೂ ಇವತ್ತಿಗೂ ಕೈಮುಗಿದ ಚಿತ್ರ ಕಳಿಸುತ್ತಾನೆ. 

ಬಾಗಿಲ ಸಂದಿಯಲ್ಲಿ ಭುವನೇಶ್ವರಿ ಕಿವಿಗೊಟ್ಟು ನಿಂತಿದ್ದಾಳೆ. ಆಗ ಚೌಡವ್ವ ಮೊದಲ ಸಲ ತಟ್ಟುವ ಕೈ ನಿಲ್ಲಿಸುತ್ತಾಳೆ. ದನಿಯಲ್ಲಿ ಕುಹಕವಿಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳುವಂತಿದೆ.

"ಮೇಡಂ, ನಿಮ್ಮ ಮಗ್ಳು ಏನ್ ಓದಾಕತ್ತಾಳೆ?"

ಈ ಪ್ರಶ್ನೆ ಹಿಂದೆಯೂ ಬಂದದ್ದುಂಟು. ಆಗೆಲ್ಲ 'ಇನ್ನೂ ಸಣ್ಣಾಕಿ ರೀ' ಎಂದು ದಿಲ್ಷಾದ್ ಜಾರಿಕೊಂಡಿದ್ದರು. ಮಗಳು ನುಜತ್ ಈಗ ಸಣ್ಣವಳಲ್ಲ. ಆದರೂ ಒಂದು ಸುಳ್ಳು ಸಾಕಿತ್ತು, ಹತ್ತನೆಯ ಹೆಸರು ಕೈಗೆ ಸಿಗುತ್ತಿತ್ತು.

"ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದ್ತಾಳವ್ವ," ಎನ್ನುತ್ತಾರೆ ದಿಲ್ಷಾದ್. ಕೇಳದ ಮಾತನ್ನೂ ಸೇರಿಸುತ್ತಾರೆ. "ಆಕಿಗೂ ಕನ್ನಡ ಅಂದ್ರೆ ಪ್ರಾಣ. ನಾನೇ ಬ್ಯಾಡ ಅಂದೆ. ನಿನ್ನ ಮಗಳನ್ನ ಬಿಕಾಂಗೇ ಸೇರ್ಸು."

ಒಳಗೆ ಏನೋ ಬಿದ್ದ ಸಪ್ಪಳವಾಗುತ್ತದೆ. ಭುವನೇಶ್ವರಿ ಹಿತ್ತಲಿಗೆ ಓಡಿದ್ದಾಳೆ. ಚೌಡವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ನಾಲ್ಕು ರೊಟ್ಟಿ ಕಾಗದದಲ್ಲಿ ಸುತ್ತಿ ಮೇಡಂ ಕೈಗಿಡುತ್ತಾಳೆ. ವಾಪಸ್ಸು ಬರುವಾಗ ದಿಲ್ಷಾದ್ ಊರ ಹೊರಗೆ ಸ್ಕೂಟಿ ನಿಲ್ಲಿಸಿ ಅಳುತ್ತಾರೆ. ಅಡಗಿಸಿಕೊಳ್ಳುವುದೂ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. ಪ್ರವೇಶದ ಕೊನೆಯ ದಿನ ಭುವನೇಶ್ವರಿ ಹರಿಹರದ ಕಾಲೇಜಿಗೆ ಒಬ್ಬಳೇ ಬರುತ್ತಾಳೆ. ಅತ್ತೆಯ ಮನೆಗೆ ಹೋಗುತ್ತೇನೆಂದು ಅವ್ವನಿಗೆ ಹೇಳಿ ಬಸ್ಸು ಹತ್ತಿದವಳು. ಕೈಯಲ್ಲಿ ತುಂಬಿದ ಅರ್ಜಿ, ಐಚ್ಛಿಕ ಕನ್ನಡದ ಮುಂದೆ ಗುರುತು. ಪ್ರಾಂಶುಪಾಲರು ಕುರ್ಚಿಯಿಂದ ಎದ್ದೇ ಬಿಡುತ್ತಾರೆ: "ಬಂತಲ್ಲ ಮೇಡಂ ಹತ್ತನೇದು! ಹಾಕ್ರಿ ಸಹಿ, ಬಚಾವಾದ್ರಿ!"

ದಿಲ್ಷಾದ್ ಪೆನ್ನು ತೆಗೆಯುವುದಿಲ್ಲ. ಹುಡುಗಿಯನ್ನು ವರಾಂಡಕ್ಕೆ ಕರೆತರುತ್ತಾರೆ.

"ದಿನಾ ನಿಮ್ಮ ದನಿ ಕೇಳೇ ಬಂದೀನಿ ಮೇಡಂ," ಅನ್ನುತ್ತಾಳೆ ಭುವನೇಶ್ವರಿ. "ಹೆದರಬ್ಯಾಡ್ರಿ ಅಂತ ನೀವೇ ಹೇಳ್ತಿದ್ರಿ. ಈಗ ನೀವೇ ಬ್ಯಾಡ ಅಂದ್ರೆ ಹೆಂಗೆ?"

"ಅದರಾಗೆ ಬರೇ ಸುದ್ದಿ ಇತ್ತು ತಾಯಿ, ಅನ್ನ ಇರ್ಲಿಲ್ಲ. ನಿಮ್ಮವ್ವ ಒಲೆ ಮುಂದೆ ಕುಂತು ಓದ್ಸ್ಯಾಳೆ. ನಿನ್ನ ಕೈಯಾಗೆ ಒಂದು ಕೆಲ್ಸ ಇರ್ಲಿ. ಕನ್ನಡ ಎಲ್ಲಿಗೂ ಓಡಿ ಹೋಗಲ್ಲ."

ಹುಡುಗಿ ತಲೆ ಎತ್ತಿ ನೇರ ನೋಡುತ್ತಾಳೆ. "ಹಂಗಾದ್ರೆ ಆ ಒಂಬತ್ತು ಮಂದಿಗೆ ಯಾಕ ಹೇಳ್ಲಿಲ್ಲ?"

ದಿಲ್ಷಾದ್ ಹುಡುಗಿಯ ಕೈಯ ಅರ್ಜಿಯನ್ನೇ ನೋಡುತ್ತಾರೆ. ಭುವನೇಶ್ವರಿ ಅರ್ಜಿಯನ್ನು ಮಡಚಿ ಚೀಲಕ್ಕೆ ತುರುಕಿಕೊಂಡು ಮೆಟ್ಟಿಲಿಳಿದು ಹೋಗುತ್ತಾಳೆ. "ನಿಮಗೇನ್ ಹುಚ್ಚು ಹಿಡ್ದೈತೇನ್ರಿ ಮೇಡಂ?" ಎಂದು ಪ್ರಾಂಶುಪಾಲರು ಹಣೆ ಚಚ್ಚಿಕೊಳ್ಳುತ್ತಾರೆ. ಅವರ ತಪ್ಪೂ ಅಲ್ಲ, ಅವರೂ ಮಕ್ಕಳನ್ನು ಹುಡುಕಿ ಅದೇ ಬೀದಿಗಳನ್ನು ಸುತ್ತಿ ಬಂದವರೇ.

ಮಾರನೆಯ ದಿನ ಒಂಬತ್ತು ಮಕ್ಕಳನ್ನು ಬೇರೆ ವಿಷಯಗಳಿಗೆ ಹಂಚುತ್ತಾರೆ. ದಿಲ್ಷಾದ್‌ಗೆ ಈಗ ಉಳಿದಿರುವುದು ಮೇಲಿನ ಎರಡು ತರಗತಿಗಳು. ಆ ಮಕ್ಕಳು ಪಾಸಾಗಿ ಹೋದರೆ ಅವರನ್ನು ಕರೆಯುವ ಕಾರಣವೇ ಕಾಲೇಜಿಗೆ ಇರುವುದಿಲ್ಲ. ಮುಂದೇನು ಎಂದು ಕೇಳಿದರೆ, "ಗೊತ್ತಿಲ್ರಿ. ಈ ವಯಸ್ನಾಗೆ ನನಗೆ ಮತ್ತೇನು ಬರ್ತೈತೆ?" ಎನ್ನುತ್ತಾರೆ. 

ಕೆಲವು ದಿನ 'ಅವಕಾಶ'ದಲ್ಲಿ ದನಿಯೇ ಇರಲಿಲ್ಲ. ಮೇಡಂ ಹುಷಾರಿದ್ದಾರಾ ಎಂದು ಮೊದಲು ವಿಚಾರಿಸಿದವನು ಕೆಂಚವೀರಪ್ಪ. ಈಗ ಮತ್ತೆ ಶುರುವಾಗಿದೆ. ಆದರೆ ನಮಸ್ಕಾರ ಹೇಳಿದ ಕೂಡಲೇ ಒಂದು ಹೊಸ ಮಾತು ಸೇರಿಕೊಂಡಿದೆ: "ಇದು ಸುದ್ದಿ ಅಷ್ಟೇ ಮಕ್ಕಳೇ. ಇದನ್ನ ನಂಬ್ಕೊಂಡು ಇರೋ ಕೆಲ್ಸ ಬಿಡಬ್ಯಾಡ್ರಿ."

ಭುವನೇಶ್ವರಿ ದಾವಣಗೆರೆಯಲ್ಲಿ ಬಿಕಾಂ ಸೇರಿದ್ದಾಳೆ. ಮೊನ್ನೆ ವಿದ್ಯಾನಗರದ ಬಸ್ ಸ್ಟಾಪಿನಲ್ಲಿ ಇಬ್ಬರೂ ಎದುರಾದರಂತೆ. ಹುಡುಗಿ ಮುಖ ತಿರುಗಿಸಿ ಬೇರೆ ಬಸ್ಸು ಹತ್ತಿದಳು. ಅದು ಅವಳ ಊರಿನ ಬಸ್ಸೂ ಆಗಿರಲಿಲ್ಲ.

ಇನ್ನು ನಿಮಗೇನು ಆಸೆ ಮೇಡಂ ಎಂದರೆ ದಿಲ್ಷಾದ್ ಹೇಳುತ್ತಾರೆ:

"ಒಂದ್ಸಲ ಎದುರಿಗೆ ನಿಂತು ಬೈಲಿ ರೀ. ಬಾಯಿ ತುಂಬಾ, ಒಳ್ಳೆ ಕನ್ನಡದಾಗೆ ಬೈಲಿ. ಅಷ್ಟು ಬರ್ತೈತೆ ಆ ಮಗಿಗೆ."