ಗವಿಯ ಬಾಗಿಲಲ್ಲಿ ನಿಂತವಳು

ಸೆರ್‌ವಾಲ್ ಊರಿನ ಉದ್ಯಾನದ ಕಾವಲುಗಾರ್ತಿ ಮಿರೇಯ್ ಗೋಶೆ ಸಂಜೆ ಗೇಟು ಹಾಕುವ ಮುಂಚೆ ಸೀಟಿ ಊದುತ್ತ ಒಂದು ಸುತ್ತು ಬರುತ್ತಾಳೆ. ಸುಟ್ಟುಹೋದ ಅರಮನೆಯ ಮೆಟ್ಟಿಲು, ಪಾರಿವಾಳದ ಗೋಪುರ, ಕಿತ್ತಳೆ ಗಿಡಗಳ ಗಾಜಿನ ಮನೆ, ಕೊಳದ ದಂಡೆ. ಜನರೆಲ್ಲ ಹೊರಟಮೇಲೆ, ಸಾಲುಮರಗಳ ತುದಿಯಲ್ಲಿರುವ ಮಣ್ಣಿನ ದಿಬ್ಬಕ್ಕೆ ಹೋಗಿ, ಅದರ ಹೊಟ್ಟೆಯೊಳಗಿನ ಗವಿಯ ಬಾಗಿಲಿಗೆ ಕಿವಿ ಹಚ್ಚುತ್ತಾಳೆ. ಗೇಟಿನ ತನಕ ನಡೆದವಳು, ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಓಡಿಬರುವವರ ಹಾಗೆ ಮತ್ತೆ ಬಂದು ಇನ್ನೊಂದು ಸಲ ಹಚ್ಚುತ್ತಾಳೆ.

"ಏನೇ ಮಿರೇಯ್, ಬಾವಲಿಗಳ ಜೊತೆ ಮಾತುಕತೆ ಮುಗೀತಾ?" ಎಂದು ತೋಟದ ಮಾಲಿ ಬಕಾರಿ ದೂರದಿಂದ ಕೂಗುತ್ತಾನೆ. "ಏನಂತವೆ? ರಜಾ ಬೇಕಂತಾ?"

"ನಿನ್ನ ಎಲೆ ಊದೋ ಮಷೀನ್ ಸದ್ದಿಗೆ ನಿದ್ದೆ ಬರ್ತಿಲ್ವಂತೆ. ಮೊದ್ಲು ಅದನ್ನ ಆರ್ಸು."

ಬಕಾರಿ ನಗುತ್ತಾನೆ. ಅವಳಿಗೆ ಬಾವಲಿಗಳ ಮೇಲೆ ಮಮತೆ ಎಂದೇ ಊರೆಲ್ಲ ನಂಬಿದೆ. ಇನ್ನೊಂದನ್ನೂ ಊರು ನಂಬಿದೆ: ಮಿರೇಯ್ ಒಂದು ಮಗುವಿನ ಜೀವ ಉಳಿಸಿದವಳು.

ಹನ್ನೊಂದು ವರ್ಷದ ಹಿಂದಿನ ಮಾತು. ಹಳೆಯ ಕಟ್ಟಡಗಳನ್ನೆಲ್ಲ ಜನರಿಗೆ ತೆರೆದಿಡುವ ಸೆಪ್ಟೆಂಬರಿನ ಶನಿವಾರ. ಅರಮನೆಯವರು ಚಳಿಗಾಲದಲ್ಲಿ ಕೊಳದ ಮಂಜುಗಡ್ಡೆ ಕೊಯ್ದು ಬೇಸಿಗೆಗೆಂದು ಕೂಡಿಡುತ್ತಿದ್ದ ಆ ಗವಿಯನ್ನು ಅವತ್ತೊಂದು ದಿನ ತೆರೆಯುತ್ತಿದ್ದರು. ಚಾವಣಿಯ ಕಲ್ಲು ಸಡಿಲವಾಗಿತ್ತು. ಹಾಗಾಗಿ ಸಲಕ್ಕೆ ಹನ್ನೆರಡು ಜನ, ಹನ್ನೆರಡು ಹೆಲ್ಮೆಟ್. ಹೊರಗೆ ಬಂದಾಗ ಮಿರೇಯ್ ಎಣಿಸುತ್ತಿದ್ದದ್ದು ತಲೆಗಳನ್ನಲ್ಲ, ಬುಟ್ಟಿಗೆ ಬಿದ್ದ ಹೆಲ್ಮೆಟ್‌ಗಳನ್ನು. ಕೊನೆಯ ಗುಂಪು ಹೊರಬಂತು. ಹನ್ನೆರಡೂ ಬುಟ್ಟಿಗೆ ಬಿದ್ದವು. ಬೀಗ ಹಾಕಿದಳು. ಐದು ವರ್ಷದ ಮಗುವಿನ ತಲೆಗೆ ಆಗುವಂಥ ಹೆಲ್ಮೆಟ್ ಆ ಬುಟ್ಟಿಯಲ್ಲಿ ಇರಲೇ ಇಲ್ಲ. ಅಜ್ಜಿಯ ಬೆರಳು ಹಿಡಿದು ಬರಿತಲೆಯಲ್ಲಿ ಒಳಗೆ ಹೋದ ಅಪೊಲಿನ್ ಲೆಕ್ಕಕ್ಕೇ ಬರಲಿಲ್ಲ. ಅಜ್ಜಿ, ಮಗು ತಾಯಿಯ ಜೊತೆ ಮುಂದೆ ಹೋಗಿದೆ ಅಂದುಕೊಂಡಳು. ತಾಯಿ, ಅಜ್ಜಿಯ ಜೊತೆ ಹಿಂದಿದೆ ಅಂದುಕೊಂಡಳು. ಒಂದು ಪುಟ್ಟ ಕೈ ಇನ್ನೊಬ್ಬರ ಕೈಯಲ್ಲಿದೆ ಎಂದು ನಂಬಿಕೊಳ್ಳುವುದು ಎಷ್ಟು ಸುಲಭ!

ಮಗು ಇಲ್ಲವೆಂದು ತಿಳಿದಾಗ ಎಲ್ಲರೂ ಕೊಳಕ್ಕೆ ಓಡಿದರು. ದೋಣಿ ಬಂತು, ತಳ ತಡಕಲು ಉದ್ದನೆಯ ಕೋಲುಗಳು ಬಂದವು. ತಾಯಿ ನೀರಿನ ಕಡೆ ನೋಡಲಾರದೆ ಹುಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದಿದ್ದಳು. ಒಂದು ಗಂಟೆಯಾದ ಮೇಲೆ ಮಿರೇಯ್, "ಗವೀಲಿ ಒಂದ್ಸಲ ನೋಡೋಣ" ಅಂದಳು. ಮಗು ಸಿಕ್ಕಿತು. ತುಟಿ ನೀಲಿಗಟ್ಟಿತ್ತು, ಉಸಿರಿತ್ತು. ಅದು ಹೇಗೆ ಹೊಳೆಯಿತು ಇವಳಿಗೆ ಎಂದು ಎಲ್ಲರಿಗೂ ಬೆರಗು. ಜನವರಿಯಲ್ಲಿ ಊರಿನವರೆಲ್ಲ ಸೇರುವ ಹೊಸವರ್ಷದ ಕೂಟದಲ್ಲಿ ಮೇಯರ್ ಅವಳ ಕೋಟಿಗೆ ಪದಕ ಚುಚ್ಚಿದರು.

ಹೇಗೆ ಹೊಳೆಯಿತೆಂದು ಮಿರೇಯ್‌ಗೆ ಮಾತ್ರ ಗೊತ್ತಿತ್ತು.

ಆವತ್ತು ಸುತ್ತು ಬರುವಾಗ ಗವಿಯ ಬಾಗಿಲ ಹಿಂದೆ ಸದ್ದು ಕೇಳಿ ಅವಳು ನಿಂತಿದ್ದಳು. ಮೆತ್ತಗೆ, ಕೆಳಗಿನಿಂದ, ಅಂಗೈಯಲ್ಲಿ ಬಡಿದ ಹಾಗೆ. ಹೆಲ್ಮೆಟ್ ಹನ್ನೆರಡೂ ಬಂದಿವೆಯಲ್ಲ, ಪಾರಿವಾಳವಿರಬೇಕು ಅಂದುಕೊಂಡಳು. ತಂಗಿಯ ಮನೆಗೆ ಊಟಕ್ಕೆ ಹೋಗುವುದಿತ್ತು, ಮುಂದೆ ನಡೆದಳು. ಅರ್ಧ ಗಂಟೆಯ ಮೇಲೆ ಕೊಳದ ದಂಡೆಯಲ್ಲಿ ತಾಯಿಯ ಕೂಗು ಕೇಳಿದಾಗ ಪಾರಿವಾಳ ಪಾರಿವಾಳವಾಗಿ ಉಳಿಯಲಿಲ್ಲ. ಹೇಳಿದರೆ, ಕೇಳಿಯೂ ದಾಟಿಬಂದೆಯಾ ಅನ್ನುತ್ತಾರೆ. ಆ ಭಯದಲ್ಲಿ, ಕೋಲುಗಳು ನೀರಿಗಿಳಿದು ಮೇಲೇಳುವುದನ್ನು ನೋಡುತ್ತ, ಇಡೀ ಒಂದು ಗಂಟೆ ಅವಳು ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಅಂದಿನಿಂದ ಆ ಬಡಿತ ಅವಳನ್ನು ಬಿಟ್ಟಿಲ್ಲ. ಸೂಪು ಕುದಿಯುವಾಗ ಪಾತ್ರೆಯ ಮುಚ್ಚಳದಲ್ಲಿ, ರೈಲು ಹಾದಾಗ ಕಿಟಕಿಯಲ್ಲಿ, ಸ್ನಾನದ ಮನೆಯ ನಲ್ಲಿಯಲ್ಲಿ. ಗಂಡ ಬೆರ್ನಾರ್ ಬದುಕಿದ್ದಾಗ ಎರಡು ಸಲ ಕೊಳಾಯಿಯವನನ್ನು ಕರೆಸಿದ್ದ. ಗವಿಯನ್ನಂತೂ ಊರಿನವರು ಮುಚ್ಚಿಯೇ ಬಿಟ್ಟರು, ಬಾವಲಿಗಳಿಗೆ ಬಿಟ್ಟುಕೊಟ್ಟರು. ಹೊಸವರ್ಷಕ್ಕೆ ಮಾತ್ರ ಆ ಮಗುವಿನ ಅಜ್ಜಿ ಮದಾಂ ಫೊವೆಲ್ ತಪ್ಪದೆ ಕಾರ್ಡು ಕಳಿಸುತ್ತಿದ್ದಳು, ಲಕೋಟೆಯ ಮೇಲೆ 'ನಮ್ಮ ದೇವತೆಗೆ' ಎಂದು ಬರೆದು. ಮಿರೇಯ್ ಅದನ್ನು ಲಕೋಟೆಯಿಂದ ತೆಗೆಯುತ್ತಲೇ ಇರಲಿಲ್ಲ.

ಈ ಸೆಪ್ಟೆಂಬರಿನಲ್ಲಿ ಚಾವಣಿ ದುರಸ್ತಿಯಾಗಿ ಗವಿ ಮತ್ತೆ ತೆರೆಯಿತು. ಮಿರೇಯ್ ಬೆಳಗಿನಿಂದ ಪ್ರತಿಯೊಬ್ಬರನ್ನೂ ಮುಖ ನೋಡಿ ಎಣಿಸಿದಳು. ಮಕ್ಕಳನ್ನು ಎರಡೆರಡು ಸಲ. ಐದು ಗಂಟೆಗೆ ಕೊನೆಯ ಗುಂಪು ಹೋದಮೇಲೆ ಸಾಲುಮರಗಳ ಕೆಳಗೆ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ಜೊತೆಗೆ ಕೋಟಿನ ತೋಳಿನೊಳಗೆ ಕೈ ಎಳೆದುಕೊಂಡ ಎತ್ತರದ ಹುಡುಗಿ.

"ಮಿರೇಯ್! ಒಂಚೂರೂ ಬದಲಾಗಿಲ್ಲ ಕಣ್ರೀ ನೀವು. ನನ್ನ ನೋಡಿ, ಎರಡೂ ಮಂಡಿ ಹೊಸಾವು, ಮುದುಕಿ ಮಾತ್ರ ಹಳೇದೇ." ಮದಾಂ ಫೊವೆಲ್ ಬೆಂಚಿನ ಮೇಲೆ ಉಸ್ಸೆಂದು ಕೂತಳು. "ಇವಳೇ ನೋಡಿ ಅಪೊಲಿನ್. ಒಳಗೆ ಹೋಗಿ ನೋಡ್ಬೇಕಂತೆ. ಹಟ. ನಾನು ಬರಲ್ಲಪ್ಪ." ದನಿ ಇಳಿಸಿದಳು. "ಆವತ್ತು ಕೈ ಬಿಟ್ಟವಳು ನಾನೇ ಅಲ್ವಾ. ಮಗಳಿಗೆ ಆಮೇಲೆ ಇನ್ನೊಂದು ಹೆಣ್ಣಾಯ್ತು. ಈಗ ಆರು ವರ್ಷ. ಒಂದೇ ಒಂದ್ ದಿನ ನನ್ನ ಹತ್ರ ಬಿಟ್ಟಿಲ್ಲ ಅದನ್ನ. ತಪ್ಪಲ್ಲ ಬಿಡಿ ಅವಳದ್ದು."

ಮಿರೇಯ್ ಬೀಗದ ಕೈ ಗೊಂಚಲು ಹಿಡಿದು ಹುಡುಗಿಯ ಮುಂದೆ ನಡೆದಳು. ದಿಬ್ಬದ ಹತ್ತಿರ ಬಂದಾಗ ಅಪೊಲಿನ್ ನಿಂತುಬಿಟ್ಟಳು.

"ಅದೇ ಸದ್ದು," ಎಂದಳು ಗೊಂಚಲಿನ ಕಡೆ ನೋಡುತ್ತ. "ಮದಾಂ, ನಿಮ್ಮನ್ನ ಒಂದು ಕೇಳ್ಬೇಕು. ಅಜ್ಜಿ ಮುಂದೆ ಬೇಡ ಅಂತ ಸುಮ್ನಿದ್ದೆ."

"ಕೇಳಮ್ಮ."

"ಆವತ್ತು ಬಾಗಿಲ ಹತ್ರ ಯಾರೋ ಬಂದಿದ್ರು. ನಾನು ಬಡಿದೆ. ಬೀಗದ ಕೈ ಸದ್ದಾಯ್ತು, ಅವ್ರು ನಿಂತ್ರು. ಆಮೇಲೆ ಹೋದ್ರು. ಅಮ್ಮ ಅದು ಕನಸು ಅಂತಾಳೆ. ಡಾಕ್ಟ್ರು, ಹೆದರಿಕೇಲಿ ನೀನೇ ಕಟ್ಕೊಂಡಿದ್ದು ಅಂತಾರೆ. ಹನ್ನೊಂದು ವರ್ಷದಿಂದ ಆ ಹೆಜ್ಜೆ ಕೇಳ್ತಾನೇ ಇದೆ ನಂಗೆ, ಕ್ಲಾಸಲ್ಲೂ. ಮತ್ತೆ ಮಾತ್ರೆ ಶುರು ಮಾಡ್ತಾರಂತೆ. ನಂಗೆ ತಲೆ ಕೆಟ್ಟಿದ್ಯಾ, ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು. ಯಾರಾದ್ರೂ ಇದ್ರಾ?"

'ಇಲ್ಲಮ್ಮ' ಎಂಬ ಮಾತು ಮಿರೇಯ್‌ಳ ನಾಲಿಗೆಯ ತುದಿಯಲ್ಲೇ ಇತ್ತು. ಇನ್ನೆರಡು ವರ್ಷಕ್ಕೆ ನಿವೃತ್ತಿ. ಯಾರೂ ನೋಡಿಲ್ಲ. ಆದರೆ ಹುಡುಗಿ ಕೋಟಿನ ತೋಳನ್ನು ಹಿಂದೆ ಸರಿಸಿದ್ದಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿಗಳಲ್ಲೆಲ್ಲ ರಕ್ತ ಒಣಗಿತ್ತು.

"ನಾನೇ," ಎಂದಳು ಮಿರೇಯ್. "ಹೆಲ್ಮೆಟ್ ಎಲ್ಲಾ ಬಂದಿತ್ತು. ಪಾರಿವಾಳ ಅಂದ್ಕೊಂಡೆ."

ಅಪೊಲಿನ್ ಕೂಗಾಡಲಿಲ್ಲ. ಬಾಗಿಲ ಕಡೆ ಕೈ ತೋರಿದಳು. "ಒಳಗೆ ಹೋಗಿ," ಎಂದಳು.

"ನಾನಾ?"

"ಪಾರಿವಾಳದ ಥರ ಕೇಳ್ಸತ್ತಾ ನೋಡ್ಬೇಕು."

ಮಿರೇಯ್ ಬೀಗ ತೆಗೆದು ಒಳಗೆ ಹೋದಳು. ಅಪೊಲಿನ್ ಹೊರಗಿನಿಂದ ಬಾಗಿಲು ಹಾಕಿದಳು. ಕಲ್ಲಿನ ತಂಪು ಬೆನ್ನಿಗೆ ಬಂತು. ಹೊರಗಿನ ಹಕ್ಕಿಗಳ ಸದ್ದು ಕತ್ತರಿಸಿಟ್ಟ ಹಾಗೆ ನಿಂತಿತು. ಅವಳು ಮಂಡಿಯೂರಿ, ಐದು ವರ್ಷದ ಕೈ ಎಟಕುವಷ್ಟು ಕೆಳಗೆ, ಅಂಗೈಯಿಂದ ಬಡಿದಳು. ಹೊರಗೆ ಜಲ್ಲಿಯ ಮೇಲೆ ಹೆಜ್ಜೆಗಳು. ಹತ್ತಿರ ಬಂದವು. ನಿಂತವು. ಮತ್ತೆ ಬಡಿದಳು. ಹೆಜ್ಜೆಗಳು ತಿರುಗಿ ದೂರವಾದವು. ಆಮೇಲೆ ಏನೂ ಇಲ್ಲ. ಇಷ್ಟು ವರ್ಷ ಅವಳ ಕಿವಿಯಲ್ಲಿದ್ದದ್ದು ಬಡಿತವೊಂದೇ. ಬಡಿತಕ್ಕೆ ಉತ್ತರ ಬಾರದ ಈ ಕತ್ತಲು ಹೇಗಿರುತ್ತದೆಂದು ಅವಳಿಗೆ ತಿಳಿದೇ ಇರಲಿಲ್ಲ. "ಮಗೂ!" ಎಂದು ಕೂಗಿದಳು. ಎರಡೂ ಕೈಯಲ್ಲಿ ಬಡಿದಳು. ನಿಮಿಷಗಳೋ, ಅದಕ್ಕೂ ಕಡಿಮೆಯೋ.

ಬಾಗಿಲು ತೆರೆಯಿತು.

"ಪಾರಿವಾಳ ಅಲ್ಲ," ಎಂದಳು ಅಪೊಲಿನ್. "ಚೆನ್ನಾಗಿ ಕೇಳ್ಸತ್ತೆ."

"ಗೊತ್ತು."

"ಆವತ್ತೂ ಗೊತ್ತಿತ್ತಾ?"

"ಕೊಳದ ಹತ್ರ ನಿಂತಾಗ ಗೊತ್ತಿತ್ತು. ಒಂದು ಗಂಟೆ ಹೇಳ್ಲಿಲ್ಲ."

ಹುಡುಗಿ ಬಾಗಿಲ ಮೆಟ್ಟಿಲ ಮೇಲೆ ಕೂತಳು. "ಹಾಗಾದ್ರೆ ನಂಗೆ ಏನೂ ಆಗಿಲ್ಲ," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು, ಎರಡು ಸಲ. ಮಿರೇಯ್ ಅವಳ ಭುಜದ ಕಡೆ ಕೈ ಚಾಚಿದಾಗ ಸರಿದುಕೊಂಡಳು. "ನನ್ನ ಮುಟ್ಬೇಡಿ. ಅಜ್ಜಿಗೆ ಹೇಳಿ. ಈಗ್ಲೇ. ಅಮ್ಮಂಗೆ ನಾನು ಹೇಳ್ತೀನಿ."

ಸಾಲುಮರಗಳ ಕೆಳಗೆ ಮದಾಂ ಫೊವೆಲ್ ಕೈಚೀಲವನ್ನು ಪಕ್ಕಕ್ಕೆ ಸರಿಸಿ ಬೆಂಚಿನ ಮೇಲೆ ಜಾಗ ಮಾಡುತ್ತಿದ್ದಳು. "ಬನ್ನಿ, ಬನ್ನಿ, ಕೂತ್ಕೊಳ್ಳಿ. ಮುಖ ಯಾಕ್ರೀ ಹಂಗೆ ಬೆಳ್ಳಗಾಗಿದೆ?"

ಮಿರೇಯ್ ಕೂರಲಿಲ್ಲ.

"ಮದಾಂ ಫೊವೆಲ್," ಎಂದಳು, "ನೀವು ಕೈ ಬಿಟ್ಟಿದ್ದು ಒಂದು ನಿಮಿಷ ಅಷ್ಟೇ."