ತಂತಿಯ ಮೇಲೆ ಒದ್ದೆ ಚಾದರ

ಕೊಡೆ ಕೊಳ್ಳುವಾಗ ಅದರ ಮೇಲೆ ಒಂದು ಕೊಡ ನೀರು ಸುರಿಸಿ ನೋಡಿದ್ದೀರಾ? ಇಲ್ಲ ತಾನೆ? ಬಿಚ್ಚುತ್ತೀರಿ, ಮುಚ್ಚುತ್ತೀರಿ, ಬಣ್ಣ ನೋಡಿ ತಂದುಬಿಡುತ್ತೀರಿ. ಮಳೆ ಬಂದ ದಿನ ಅಂಗಡಿಯವನಿಗೆ ಬೈಯುತ್ತೀರಿ.

ನಮ್ಮ ನರ್ಗೀಸ್ ಆಪಾ ಹಾಗಲ್ಲ. ಭಾಲ್ಕಿಯ ಬಜಾರಿನಲ್ಲಿ, ನಡುರಸ್ತೆಯಲ್ಲಿ, ಕೊಡೆ ಬಿಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತು, "ಸುರೀರಿ ನೀರು" ಎಂದು ಅಂಗಡಿಯವನಿಗೇ ಹುಕುಂ ಮಾಡಿದವರು. ಅವನು ಸುರಿದ. ಕೊಡೆ ಸೋರಿತು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಗೆದ್ದವರಂತೆ ಎದ್ದು ನನ್ನತ್ತ ತಿರುಗಿದರು.

"ನೋಡಿದ್ಯಾ ಸುಶೀಲಾ? ಮನಿಗಿ ಒಯ್ದು ಸೋರಿದ್ರ ನನ್ನ ತಪ್ಪಾಗ್ತಿತ್ತು. ಇಲ್ಲೇ ಸೋರ್ತು, ಈಗ ಅವನ ತಪ್ಪು!"

ಬೀದರಿನಲ್ಲಿ ನಮ್ಮ ತವರಿಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಮದುವೆಯಾಗಿ ಔರಾದಿಗೆ ಬಂದೆ, ಆಪಾ ಅಲ್ಲೇ ಉಳಿದು ಎಸ್.ಟಿ.ಡಿ. ಬೂತ್ ತೆರೆದರು. ಗಾಜಿನ ಗೂಡಿನೊಳಗೆ ಯಾರಾದರೂ ಫೋನ್ ಹಿಡಿದು ಅಳತೊಡಗಿದರೆ, ಹೊರಗೆ ಸರತಿಯಲ್ಲಿ ಕೂತವರಿಗೆ ಕೇಳದಿರಲೆಂದು ರೇಡಿಯೊ ಜೋರು ಮಾಡುತ್ತಿದ್ದರು. ಅಂಥವರು ಒಂದು ದಿನ, ಊರೂರಿಗೆ ಇಂಟರ್ನೆಟ್ ಕೊಡುವ ದಂಧೆ ಶುರು ಮಾಡುತ್ತೇನೆಂದರು. ಅವರ ತಮ್ಮ ಅನ್ವರ್ ಪಾಲುದಾರ.

ಇಂಟರ್ನೆಟ್ಟು ಆಗ ಗಾಳಿಯಲ್ಲಿ ಬರುತ್ತಿರಲಿಲ್ಲ, ಫೋನಿನ ತಂತಿಯಲ್ಲೇ ಬರಬೇಕಿತ್ತು. ನಮ್ಮ ಕಂಪ್ಯೂಟರು ಬೀದರಿಗೆ ಫೋನು ಹಚ್ಚಬೇಕು, ಅಲ್ಲಿ ಮೋಡೆಮ್ ಎಂಬ ಯಂತ್ರ ಅದನ್ನು ಎತ್ತಿಕೊಳ್ಳಬೇಕು. ಎರಡೂ ಕಡೆಯಿಂದ ಕೀಂ ಕರ್ ಎಂದು ಕಿರುಚಾಟ, ಆಮೇಲೆ ಸಂಪರ್ಕ. ಬೀದರಿನ ಅಂಗಡಿಗೆ ಯಾವ ಮೋಡೆಮ್ ತರಬೇಕು ಎಂಬುದರಲ್ಲೇ ಅಕ್ಕ ತಮ್ಮನ ಜಗಳ.

ಹೈದರಾಬಾದಿನ ಏಜೆಂಟ್ ಒಬ್ಬ ಎರಡು ಬಗೆ ತಂದಿದ್ದ. ಒಂದು, ಹಲವು ಲೈನುಗಳನ್ನು ಒಟ್ಟಿಗೆ ಹಿಡಿಯುವ ಹೊಳೆಯುವ ದೊಡ್ಡ ಪೆಟ್ಟಿಗೆ, ಬಲು ವೇಗ. ಇನ್ನೊಂದು, ಲೈನಿಗೊಂದರಂತೆ ಸಾಲಾಗಿ ಇಡುವ ಸಣ್ಣ ಡಬ್ಬಿಗಳು, ನಿಧಾನ. ಅನ್ವರನಿಗೆ ಪೆಟ್ಟಿಗೆಯ ಮೇಲೆ ಮನಸ್ಸು.

"ಆಪಾ, ಬೀದರದಾಗ ಗಿರಾಕಿ ಸ್ಪೀಡ್ ಕೇಳ್ತಾರ. ಔರಾದದಾಗ ಲೈನ್ ನಿಂತ್ರ ನಿಂತು, ಹೋದ್ರ ಹೋಯ್ತು. ಅವ್ರಿಗಿ ಯಾಕ ಬೇಕು ಇಂಟರ್ನೆಟ್ಟು?"

ಯಾಕೆ ಬೇಕೆಂದು ನಮ್ಮ ಓಣಿಗೆ ಬಂದು ಕೇಳಬೇಕಿತ್ತು ಅವನು. ಅರ್ಧ ಓಣಿಯ ಗಂಡಸರು ಮಸ್ಕತ್ತಿನಲ್ಲಿದ್ದರು. ಮಗುವಿಗೆ ಜ್ವರ ಎಂದು ಬರೆದ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ಮಗು ಜ್ವರ ಬಿಟ್ಟು ಶಾಲೆಗೆ ಹೋಗುತ್ತಿತ್ತು. ಔರಾದಿನ ಮೊದಲ ಈಮೇಲು ನಿನ್ನ ಮನೆಯಿಂದಲೇ ಎಂದು ಆಪಾ ನನಗೆ ಮಾತು ಕೊಟ್ಟಿದ್ದರು.

"ನಡೀರಿ ಔರಾದಿಗಿ. ಅಲ್ಲಿ ನಿಂತದ್ದೇ ಮೋಡೆಮ್," ಎಂದು ಏಜೆಂಟನನ್ನು ಎಬ್ಬಿಸಿಕೊಂಡು ಬಂದರು. ಬೀದರಿನಲ್ಲಿ ಎರಡನ್ನೂ ಬೇರೆ ಬೇರೆ ನಂಬರಿಗೆ ಜೋಡಿಸಿ ಅನ್ವರ್ ಕಾದು ಕೂತ.

ನಮ್ಮ ಫೋನಿನ ತಂತಿ ಕಂಬದಿಂದ ಇಳಿದು, ಅಂಗಳ ದಾಟಿ ಒಳಗೆ ಬರುತ್ತಿತ್ತು. ಕೈಗೆಟುಕುವಷ್ಟು ಜೋತುಬಿದ್ದಿತ್ತು. ಹಾಗೆ ಜೋತುಬಿದ್ದದ್ದನ್ನು ಸುಮ್ಮನೆ ಬಿಡುವ ಹೆಣ್ಣುಮಕ್ಕಳೇ ನಾವು? ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದೆವು. ಅವತ್ತೂ ಹಾಕಿದ್ದೆ. ಏಜೆಂಟ್ ಬೆಚ್ಚಿಬಿದ್ದ.

"ಅಮ್ಮಾ, ಮೊದಲ ಆ ಅರಬಿ ತೆಗೀರಿ! ಫೋನಿನ ತಂತಿ ಅದ ಅದು!"

ನಾನು ಕೈ ಹಾಕುವುದರೊಳಗೆ ಆಪಾ ಅಡ್ಡ ಬಂದರು.

"ತೆಗೀಬ್ಯಾಡ ಸುಶೀಲಾ. ಭಾಯಿ, ನೀವು ಹೋದ ಮ್ಯಾಲ ಇಕಿ ಮತ್ತ ಹಾಕ್ತಾಳ. ಬಾಜೂ ಮನ್ಯಾಕಿ ಭಿ ಹಾಕ್ತಾಳ. ನಿಮ್ಮ ಮಷಿನ್ ಇದ್ರಾಗೇ ನಡೀಬೇಕು."

"ಗಾಳಿಗಿ ತಂತಿ ಅಳ್ಳಾಡಿದ್ರ ಲೈನ್ ಹ್ಯಾಂಗ ನಿಲ್ತದ್ರಿ?"

"ಅದನ್ನೇ ನೋಡ್ಲಕ್ಕ ಬಂದೀವಲ್ಲ."

ಇಷ್ಟೇ ಆಗಿದ್ದರೆ ಸರಿ. ನನ್ನ ಕೈ ಸುಮ್ಮನಿರಲಿಲ್ಲ. ಬಕೆಟಿನಲ್ಲಿ ನೆನೆದಿದ್ದ ಜೋಡಿ ಹಾಸಿಗೆಯ ಚಾದರವನ್ನು ಹಿಂಡದೆಯೇ ತಂದು ತಂತಿಗೆ ಹಾಕಿದೆ. ಆಪಾ ನನ್ನತ್ತ ಒಂದು ಕಣ್ಣು ಹೊಡೆದರು.

ಏಜೆಂಟ್ ತಾನು ತಂದಿದ್ದ ಕಂಪ್ಯೂಟರಿನಿಂದ ಬೀದರಿನ ದೊಡ್ಡ ಪೆಟ್ಟಿಗೆಯ ನಂಬರು ಹಚ್ಚಿದ. ಅದು ಕಿರುಚಿ ಕಿರುಚಿ ಸಂಪರ್ಕ ಕೊಟ್ಟಿತು. ಗಾಳಿ ಬೀಸಿತು, ಚಾದರ ಪಟಪಟ ಎಂದಿತು, ಸಂಪರ್ಕ ಕಡಿಯಿತು. ಮತ್ತೆ ಹಚ್ಚಿದ, ಮತ್ತೆ ಕಡಿಯಿತು. ಸಣ್ಣ ಡಬ್ಬಿಯ ನಂಬರು ಹಚ್ಚಿದಾಗಲೂ ಚಾದರ ಹಾರಾಡಿತು. ಡಬ್ಬಿ ವೇಗ ಇಳಿಸಿಕೊಂಡು ತೆವಳಿತು, ಆದರೆ ಕೈ ಬಿಡಲಿಲ್ಲ. ಆಪಾ ಅಲ್ಲಿಂದಲೇ ಮಸ್ಕತ್ತಿನ ನನ್ನ ಮೈದುನನಿಗೆ ಈಮೇಲು ಕಳಿಸಿದರು. ನಾನು ಹೇಳಿದೆ, ಅವರು ಒತ್ತಿದರು.

ಏಜೆಂಟ್ ಇನ್ನೊಮ್ಮೆ ಬೇಡಿಕೊಂಡ. "ಒಣಾ ಲೈನಿನ ಮ್ಯಾಲ ಒಂದ್ಸಲ ನೋಡ್ರಿ ಆಪಾ, ಕುದುರಿ ಓಡ್ದಂಗ ಓಡ್ತದ."

"ಓಡ್ತದಪಾ, ಖರೆ. ಆದ್ರ ನಮ್ಮ ಔರಾದದಾಗ ದಿನಾ ಅರಬಿ ಒಗೀತಾರ."

ಡಬ್ಬಿಗಳನ್ನೇ ಕೊಂಡದ್ದಕ್ಕೆ ಅನ್ವರ್ ಆರು ತಿಂಗಳು ಅಕ್ಕನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನು ಹೇಳಿದ್ದೂ ಸುಳ್ಳಾಗಲಿಲ್ಲ. ಬೀದರಿನ ಹುಡುಗರು ನಿಧಾನವೆಂದು ಬೈದು, ಎಷ್ಟೋ ಜನ ಬೇರೆ ಕಡೆ ಹೋದರು. ಡಬ್ಬಿ ಬದಲಿಸು ಎಂದು ಅವನು ಗೋಗರೆದರೂ ಆಪಾ ಜಪ್ಪಯ್ಯ ಅನ್ನಲಿಲ್ಲ. "ಬೀದರದವ್ರಿಗಿ ಬ್ಯಾರೆ ಅಂಗಡಿ ಅದ, ಹೋಗ್ಲಿ. ಔರಾದದವ್ರು ಎಲ್ಲಿ ಹೋಗ್ತಾರ?" ತಂತಿಯ ಕಾಲ ಮುಗಿಯುವವರೆಗೂ ಆ ಡಬ್ಬಿಗಳು ಮಿಣಮಿಣ ಎನ್ನುತ್ತಲೇ ಇದ್ದವು. ಆಮೇಲೆ ಗುಜರಿಗೆ ಹೋದವು.

ಹೋದ ವರ್ಷ, ಬೀದರಿನ ಅಂಚಿನ ನೌಬಾದಿನಲ್ಲಿ ಅವರು ಆಮೇಲೆ ಹೋಗಿ ನೆಲೆಸಿದ ಮನೆಯಲ್ಲಿ ಆಪಾರನ್ನು ಕಂಡೆ. ಅದೇ ಕೊನೆ. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು, ದನಿ ಮಾತ್ರ ಬೂತಿನ ಕಾಲದ್ದೇ. ನನ್ನ ಹೊಸ ಫೋನು ತೋರಿಸಿ, ಒಂದೇ ಬೆರಳಲ್ಲಿ ಟೈಪು ಮಾಡುವುದನ್ನು ಮೆರೆಸಿದೆ. ಸ್ವಲ್ಪ ಕೆಣಕಬೇಕೆನಿಸಿತು.

"ಆಪಾ, ಈಗ ತಂತಿನೂ ಇಲ್ಲ, ಡಬ್ಬಿನೂ ಇಲ್ಲ. ಎಲ್ಲಾ ಗಾಳ್ಯಾಗೇ ಬರ್ತದ. ಸುಮ್ನ ತಮ್ಮನ ಸಂಗಾಟ ಜಗಳಾ ಮಾಡ್ಕೊಂಡ್ರಿ ನೀವು."

ಫೋನನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಔರಾದದಾಗ ನಿಮ್ಮ ಮನ್ಯಾಗ ಬರ್ತದೇನು?"

"ಒಳಗ ಬರಲ್ರಿ. ಮಾಳಗಿ ಮ್ಯಾಲ ಹೋಗಿ ನಿಂತ್ರ ಛಲೋ ಬರ್ತದ."

ಫೋನನ್ನು ನನ್ನ ಮಡಿಲಿಗೆ ಎಸೆದರು.

"ಮತ್ತ ನೀ ಯಾಕ ಮಾಳಗಿ ಹತ್ತಿದಿ? ಅದನ್ನ ಕೊಟ್ಟವ್ರನ್ನ ಕರದು, ನಿನ್ನ ಒಲಿ ಮುಂದ ಕೂಡ್ಸಿ, ಇಲ್ಲಿಂದ ಹಚ್ಚಿ ತೋರ್ಸ್ರಿ ಅನ್ಲಕ್ಕ ನಿನ್ನ ಬಾಯಿಗೇನಾಗಿತ್ತು?"