ಅಕ್ಕನ ಅಳತೆ, ನನ್ನ ಹೊಟ್ಟೆಕಿಚ್ಚು

ನಮ್ಮಕ್ಕನ ಹೊಲಿಗೆ ಅಂಗಡಿಗೆ ಬಟ್ಟೆ ತರುವವರಷ್ಟೇ ಮಂದಿ ಮಕ್ಕಳನ್ನೂ ಕರೆತರುತ್ತಾರೆ. "ಅಳತೆಯಕ್ಕ, ಇವಳಿಗೆ ಏನು ಬರುತ್ತೆ ಅಂತ ಸ್ವಲ್ಪ ನೋಡಿ ಹೇಳಿ" ಅನ್ನುತ್ತಾರೆ. ಸೊಂಟದ ಅಳತೆ, ತೋಳಿನ ಅಳತೆ ತೆಗೆಯುವ ಹೆಂಗಸು ಮನುಷ್ಯರ ಒಳಗಿನ ಅಳತೆಯನ್ನೂ ತೆಗೆಯುತ್ತಾಳೆ ಅಂತ ಬೀದಿಯವರ ನಂಬಿಕೆ. ನಾನು ಅವಳ ಒಡಹುಟ್ಟಿದ ತಂಗಿ. ಅದೇ ಅಂಗಡಿಯಲ್ಲಿ ಕಿಟಕಿ ಪಕ್ಕ ಕೂತು ಕಾಜಾ ಹಾಕುತ್ತೇನೆ, ಗುಂಡಿ ಹೊಲಿಯುತ್ತೇನೆ. ನನ್ನನ್ನು ಕೇಳುವುದು ಒಂದೇ ಪ್ರಶ್ನೆ, "ನಾಳೆಗೆ ಆಗುತ್ತಾ?"

ಅಕ್ಕನ ಪದ್ಧತಿ ಸರಳ. ಬಂದವರು ಮಗುವಾಗಲಿ, ದೊಡ್ಡವರಾಗಲಿ, ಕೆಲವು ದಿನ ಅಂಗಡಿಯಲ್ಲಿ ಬಂದು ಕೂರಬೇಕು. ಏನಾದರೂ ಮಾಡಬಹುದು, ಸುಮ್ಮನೆಯೂ ಇರಬಹುದು. ಚೂರು ಬಟ್ಟೆಯ ರಾಶಿ ಇದೆ, ಗುಂಡಿ ಡಬ್ಬಿ ಇದೆ, ಬಂದು ಹೋಗುವ ಗಿರಾಕಿಗಳಿದ್ದಾರೆ. ಅಕ್ಕ ತಲೆ ಎತ್ತದೆ ಬಟ್ಟೆ ಕತ್ತರಿಸುತ್ತಿರುತ್ತಾಳೆ. ಸ್ವಲ್ಪ ದಿನ ಕಳೆದ ಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೇ ಮಾತು ಹೇಳುತ್ತಾಳೆ. ಆ ಮಾತು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಕಂಡಿದ್ದರೆ ಬೀದಿಗೆಲ್ಲ ಸಾರುತ್ತಿದ್ದವಳು ನಾನೇ.

ಹಿಂದಿನ ಬೀದಿಯ ವಿಧವೆಯೊಬ್ಬಳು ತನ್ನ ಕೈಲಿ ಏನೂ ಆಗದು ಅಂತ ಅಳುತ್ತಾ ಬಂದವಳು. "ನಿಮ್ಮ ಕಿವಿ ಚುರುಕು, ಯಂತ್ರದ ಕೆಲಸ ಕಲೀರಿ" ಅಂದಳು ಅಕ್ಕ. ಈಗ ಅವಳು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾಳೆ, ಸ್ಕೂಟರಿನಲ್ಲಿ ಓಡಾಡುತ್ತಾಳೆ. ಲಾಂಡ್ರಿಯವರ ಮಗಳನ್ನು ದಡ್ಡಿ ಅಂತ ಮನೆಯವರೇ ಕೈಬಿಟ್ಟಿದ್ದರು. "ಇವಳು ಕಲಿಯೋದು ನಿಧಾನ, ಆದರೆ ಕಲಿಸೋದರಲ್ಲಿ ಇವಳನ್ನ ಮೀರಿಸೋರಿಲ್ಲ" ಅಂದಳು. ಈಗ ಶಿಶುವಿಹಾರದ ಮಕ್ಕಳು ಅವಳ ಸೆರಗು ಬಿಡುವುದಿಲ್ಲ. ನಿವೃತ್ತ ಬಸ್ ಡ್ರೈವರರನ್ನು ಅವರ ಹೆಂಡತಿ ಮನೆಯಲ್ಲಿ ಕಾಟ ತಡೆಯಲಾರದೆ ತಂದು ಬಿಟ್ಟಿದ್ದರು. ಈಗ ಬೀದಿಯ ಜಗಳಗಳೆಲ್ಲ ಅವರ ಬಾಗಿಲಿಗೆ ಹೋಗಿ ಬಗೆಹರಿಯುತ್ತವೆ. ಹಾಗೆ ಬದುಕು ಕಂಡವರೆಲ್ಲ ಬಂದು ಅಕ್ಕನ ಕೈ ಹಿಡಿದುಕೊಳ್ಳುತ್ತಾರೆ. ನಾನು ಸೂಜಿಗೆ ದಾರ ಪೋಣಿಸುತ್ತಾ ನೋಡುತ್ತೇನೆ. ಹೊಟ್ಟೆ ಉರಿಯುತ್ತದೆ. ಸುಳ್ಳೇಕೆ ಹೇಳಲಿ?

ಸಂಜೆ ಅಂಗಡಿ ಮುಚ್ಚಿ ಇಬ್ಬರೂ ಒಟ್ಟಿಗೆ ಮನೆಯ ಕಡೆ ನಡೆಯುತ್ತೇವೆ. ಅಕ್ಕನ ಮನೆ ನಮ್ಮ ಮನೆಯಿಂದ ಮುಂದಿನ ತಿರುವಿನಲ್ಲಿ. ಆ ದಾರಿಯುದ್ದಕ್ಕೂ ನಾನು ಗೊಣಗುತ್ತೇನೆ, ಅವಳು ಹೂಂಗುಟ್ಟುತ್ತಾಳೆ. ಅದೇ ನಮ್ಮ ರೂಢಿ. "ಆ ವಿಧವೆಯ ಜಂಭ ನೋಡಿದ್ಯಾ? ಮೆಷಿನ್ನು ಕಟಕಟ ಅಂದಿದ್ದೇ ತಡ, ಬಾಬಿನ್ ಸರಿಯಿಲ್ಲ ಅಂತಾಳೆ. ಇಷ್ಟು ವರ್ಷ ಕೂತ ನನಗೆ ಗೊತ್ತಾಗಲಿಲ್ಲ, ಮೊನ್ನೆ ಬಂದವಳಿಗೆ ಗೊತ್ತಾಯ್ತಂತೆ." "ಆ ಲಾಂಡ್ರಿ ಹುಡುಗಿ ನೋಡು, ನಾನು ಗಂಟಲು ಹರ್ಕೊಂಡರೂ ಗಿರಾಕಿಗಳ ಚಿಳ್ಳೆಪಿಳ್ಳೆಗಳು ಕೇಳಲ್ಲ. ಅವಳು ಪಿಸುಗುಟ್ಟಿದರೆ ಸಾಲಾಗಿ ಕೂತ್ಕೊಳ್ತವೆ." ಹೀಗೆ ದಿನಾ ಯಾರ ಮೇಲಾದರೂ ಕಾರುತ್ತಿದ್ದೆ. ಮನೆಗೆ ಬಂದ ಮೇಲೂ ನಿಲ್ಲುತ್ತಿರಲಿಲ್ಲ. ಊರವರ ಮಕ್ಕಳ ಮೇಲೆ ನಾನು ಉರಿದದ್ದನ್ನೆಲ್ಲ ಕೇಳಿಕೊಂಡೇ ನನ್ನ ಮಗಳು ಬೆಳೆದಳು.

ಆ ಮಗಳದೇ ಚಿಂತೆ ನನಗೆ. ಶಾಲೆ ಮುಗಿಯುವ ಹೊತ್ತಿಗೆ ಅವಳಿಗೆ ಏನೂ ಹತ್ತಲಿಲ್ಲ. ಲೆಕ್ಕ ಕಂಡರೆ ಜ್ವರ. ಸಂಗೀತಕ್ಕೆ ಹಾಕಿದೆ, ಮೇಷ್ಟ್ರು ಎರಡೇ ವಾರಕ್ಕೆ "ಬೇರೆ ಏನಾದರೂ ನೋಡಿ ಅಮ್ಮ" ಅಂದರು. ಅಂಚು ಹೊಲಿ ಅಂತ ಕೊಟ್ಟರೆ ತನ್ನ ಲಂಗವನ್ನೂ ಸೇರಿಸಿ ಹೊಲಿದುಕೊಂಡು ಎದ್ದಳು. ಅವಳ ವಾರಗೆಯವರೆಲ್ಲ ಒಂದೊಂದು ದಾರಿ ಹಿಡಿದರು. ಇವಳು ಮನೆಯಲ್ಲಿ ನನ್ನ ಮುಖ ನೋಡುತ್ತಾ ಕೂತಳು. "ಪಾಪ, ನನ್ನ ಕಂದ" ಅನ್ನುತ್ತಿದ್ದೆ ನಾನು. ಬೈಯುವುದಕ್ಕೂ ಮನಸ್ಸು ಬರುತ್ತಿರಲಿಲ್ಲ.

ಅಕ್ಕನ ಬಳಿ ಕೂರಿಸಿದೆ. ವಾರ ಹೋಯಿತು, ತಿಂಗಳು ಹೋಯಿತು. ಕೇಳಿದಾಗೆಲ್ಲ ಅಕ್ಕನದು ಒಂದೇ ಉತ್ತರ, "ಇನ್ನೂ ಗೊತ್ತಾಗ್ತಿಲ್ಲ ಕಣೇ." ಅಷ್ಟರಲ್ಲಿ ಹಾಲಿನವನ ನಾದಿನಿ ಬಂದಳು, ನಾಲ್ಕೇ ದಿನಕ್ಕೆ ಅವಳದು ಗೊತ್ತಾಯಿತು. ನನಗೆ ತಡೆಯಲಾಗಲಿಲ್ಲ. ಮಗಳನ್ನು ನೂಲು ತರಲು ಕಳಿಸಿ ಅಕ್ಕನ ಮುಂದೆ ನಿಂತೆ.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ ಹಾಗಾಯ್ತಲ್ಲ ನಿನ್ನ ಕಥೆ. ಯಾರ್‍ಯಾರದೋ ಮಕ್ಕಳಿಗೆ ದಾರಿ ತೋರಿಸ್ತೀಯ, ತಂಗಿ ಮಗಳು ಅಂದ್ರೆ ಕಣ್ಣು ಕಾಣಲ್ಲ. ನನ್ನ ಮಗಳು ಮುಂದೆ ಬಂದರೆ ನಿನಗೇನು ನಷ್ಟ?"

ಅಕ್ಕ ಕತ್ತರಿ ಕೆಳಗಿಟ್ಟಳು. ಆಮೇಲೆ ಟೇಪನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು.

"ನನಗೆ ಏನೂ ಕಾಣಲ್ಲ ಕಣೇ. ಯಾವತ್ತೂ ಕಂಡಿಲ್ಲ. ಕಾಣೋದು ನಿನಗೆ."

"ಏನಂದೆ?"

"ದಾರೀಲಿ ನೀನು ಯಾರ ಮೇಲೆ ಹೊಟ್ಟೆ ಉರ್ಕೋತೀಯೋ, ಯಾತಕ್ಕೆ ಉರ್ಕೋತೀಯೋ, ಅದನ್ನೇ ನಾನು ಸ್ವಲ್ಪ ನೆಟ್ಟಗೆ ಮಾಡಿ ಹೇಳ್ತೀನಿ. ಇಲ್ಲದ್ದಕ್ಕೆ ನೀನು ಯಾವತ್ತೂ ಉರ್ಕೊಂಡವಳಲ್ಲ. ನಿನ್ನ ಮಗಳ ಮೇಲೆ ನಿನಗೆ ಬರೋದು ಬರೀ ಅಯ್ಯೋ ಪಾಪ. ಅದರಲ್ಲಿ ನಾನೇನು ಹುಡುಕಲಿ?"

ನನಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಹಾಗಾದರೆ ಇಷ್ಟು ವರ್ಷ ಜನ ಹಿಡಿದುಕೊಂಡ ಆ ಕೈ ನನ್ನದಾಗಬೇಕಿತ್ತು. ಉರಿದವಳು ನಾನು, ಚಳಿ ಕಾಯಿಸಿಕೊಂಡವಳು ಅವಳು. ಕೈಲಿದ್ದ ಅಂಗಿಯನ್ನು ಅಲ್ಲೇ ಎಸೆದು ಹೊರಟೆ. ಅಂದಿನಿಂದ ಅಂಗಡಿಗೂ ಹೋಗಲಿಲ್ಲ, ದಾರಿಯಲ್ಲಿ ಸಿಕ್ಕರೂ ಮಾತಾಡಲಿಲ್ಲ.

ಆದರೆ ಆ ಮಾತು ಕಿವಿಗೆ ಹೊಕ್ಕ ಹುಳದ ಹಾಗೆ ಕೊರೆಯುತ್ತಿತ್ತು. ಮಗಳ ಮೇಲೆ ಹೊಟ್ಟೆಕಿಚ್ಚು ಪಡಲು ಕೂತೆ. ನಗಬೇಡಿ, ನಿಜವಾಗಿ ಕೂತೆ. ಅವಳು ತಲೆ ಬಾಚುವಾಗ ನೋಡಿದೆ, ಪಾತ್ರೆ ತೊಳೆಯುವಾಗ ನೋಡಿದೆ. "ಯಾಕಮ್ಮ ಹಾಗೆ ಗುರಾಯಿಸ್ತೀಯ?" ಅಂತ ಕೇಳಿದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಮುದ್ದು ಬಂತೇ ಹೊರತು ಕಿಚ್ಚು ಬರಲಿಲ್ಲ.

ಆ ಹೊತ್ತಿಗೆ ಮನೆಯಲ್ಲಿ ನಮ್ಮ ಅತ್ತೆಗೆ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಗಿತ್ತು. ಮೊದಲೇ ಮೂಗಿನ ತುದಿಯಲ್ಲಿ ಕೋಪ. ಈಗ ಮಾತೂ ತೊದಲುತ್ತಿತ್ತು, ಹಟ ಇಮ್ಮಡಿಯಾಗಿತ್ತು. ನಾನು ಮಾತ್ರೆ ಬಾಯಿಗಿಟ್ಟರೆ ಉಗುಳುತ್ತಿದ್ದರು. ನಾನು ಬೇಡುತ್ತಿದ್ದೆ, ಗದರುತ್ತಿದ್ದೆ, ಕಡೆಗೆ ತಲೆ ಚಚ್ಚಿಕೊಂಡು ಹೊರಗೆ ಬರುತ್ತಿದ್ದೆ. ಆಮೇಲೆ ಅದು ಹೇಗೋ ಮಗಳ ಪಾಲಿನ ಕೆಲಸವಾಯಿತು. ಹೇಗೆ ಮಾಡುತ್ತಾಳೆ ಅಂತ ನಾನು ನೋಡಿರಲಿಲ್ಲ.

ಒಂದು ಬೆಳಿಗ್ಗೆ ನೀರಿನ ಲೋಟ ಹಿಡಿದು ಬಾಗಿಲಿಗೆ ಬಂದೆ. ಮಗಳು ಮಾತ್ರೆಯನ್ನು ಅಜ್ಜಿಯ ಬಲಗೈಗೆ ಕೊಟ್ಟು, ಕಿಟಕಿ ಕಡೆ ತಿರುಗಿ ಕೂತಿದ್ದಳು. "ಎದುರು ಮನೆಯವರು ಇವತ್ತೂ ಬಟ್ಟೆ ತೆಗೆಯೋದು ಮರೆತಿದ್ದಾರೆ ಅಜ್ಜಿ" ಅಂತ ಏನೋ ಹೇಳುತ್ತಿದ್ದಳು. ತಗೋ ಅನ್ನಲಿಲ್ಲ, ತಿರುಗಿ ನೋಡಲೂ ಇಲ್ಲ. ಅತ್ತೆಯ ಕೈಯಿಂದ ಮಾತ್ರೆ ಜಾರಿ ಹಾಸಿಗೆ ಮೇಲೆ ಬಿತ್ತು. ನಾನಾಗಿದ್ದರೆ ಓಡಿಹೋಗಿ ಎತ್ತಿ ಬಾಯಿಗೆ ತುರುಕುತ್ತಿದ್ದೆ. ಅವಳು ಅಲುಗಲಿಲ್ಲ. ಅತ್ತೆ ತಾವೇ ತಡಕಿ, ತಾವೇ ಎತ್ತಿ, ತಾವೇ ಬಾಯಿಗಿಟ್ಟುಕೊಂಡರು. ಆಮೇಲೆ ಆ ಸೊಟ್ಟ ಬಾಯಿಯಲ್ಲೇ ನಕ್ಕು ಮೊಮ್ಮಗಳ ಜಡೆ ಹಿಡಿದೆಳೆದರು.

ನಾನು ಬಾಗಿಲಲ್ಲೇ ನಿಂತೆ. ಎದೆಯಿಂದ ಗಂಟಲವರೆಗೆ ಕಾರ ಹತ್ತಿದ ಹಾಗಾಯಿತು. ಮದುವೆಯಾಗಿ ಬಂದ ದಿನದಿಂದ ಆಕೆಗೆ ಬಿಸಿನೀರು ಕಾಯಿಸಿದವಳು ನಾನು. ನನ್ನ ಕಡೆ ತಿರುಗಿ ಒಂದು ದಿನ ನಕ್ಕವರಲ್ಲ.

ಲೋಟ ಅಲ್ಲೇ ಇಟ್ಟು ಸೀದಾ ಅಂಗಡಿಗೆ ಹೋದೆ. ಮಾತು ಬಿಟ್ಟಿದ್ದೇನೆ ಅನ್ನುವುದೂ ನೆನಪಾಗಲಿಲ್ಲ. "ನೋಡು, ನಾನು ಸತ್ತು ಸುಣ್ಣವಾದರೂ ಒಲಿಯದ ಅತ್ತೆ, ನನ್ನ ಮಗಳು ಸುಮ್ಮನೆ ಕೂತರೆ ಒಲೀತಾರೆ. ಅದೇನು ತಾಳ್ಮೆ ಅದು? ಮಾತ್ರೆ ಬಿದ್ದರೂ ಎತ್ತಿ ಕೊಡಲ್ಲ, ಅವರೇ ಎತ್ತಿಕೊಳ್ಳೋ ತನಕ ಕಾಯ್ತಾಳೆ. ನನ್ನ ಹೊಟ್ಟೇಲಿ ಹುಟ್ಟಿದವಳಿಗೆ ಅದೆಲ್ಲಿಂದ ಬಂತು? ನನಗ್ಯಾಕೆ..."

ಅಲ್ಲಿಗೆ ನಿಂತುಬಿಟ್ಟೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಇದನ್ನ ನಾನು ಹೇಳಲ್ಲ," ಅಂದಳು. "ನೀನೇ ಹೋಗಿ ಹೇಳು. ಹಾಸಿಗೆ ಹಿಡಿದವರನ್ನ ನೋಡಿಕೊಳ್ಳೋ ಕೆಲಸಾನ ಆಸ್ಪತ್ರೇಲಿ ಕಲಿಸ್ತಾರೆ. ಅದನ್ನೂ ಹೇಳು."

ಮನೆಗೆ ಬಂದೆ. ಮಗಳು ಅಜ್ಜಿಯ ದಿಂಬಿಗೆ ಗವಸು ಹಾಕುತ್ತಿದ್ದಳು, ಎಂದಿನ ಹಾಗೆ ಉಲ್ಟಾ. ಅಕ್ಕ ಹೇಳುವ ಹಾಗೆ ನೆಟ್ಟಗೆ ಹೇಳಲು ನನಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನೇ ಹೇಳಿದೆ.

"ಬೆಳಿಗ್ಗೆ ನಿನ್ನ ಕಂಡು ನನಗೆ ಹೊಟ್ಟೆ ಉರೀತು ಕಣೇ."

ಅವಳು ದಿಂಬು ಹಿಡಿದುಕೊಂಡೇ ನನ್ನ ಮುಖ ನೋಡಿದಳು.

"ನನ್ನ ಮೇಲಾ?" ಅಂದಳು. ತಮಾಷೆಯೇನೋ ಅಂತ ಸ್ವಲ್ಪ ಕಾದಳು. ತಮಾಷೆಯಲ್ಲ ಅಂತ ತಿಳಿದಾಗ ಅವಳ ಕಣ್ಣು ತುಂಬಿತು, ಮುಖ ಕಿವಿಯವರೆಗೂ ಅರಳಿತು. "ಅಮ್ಮ, ಇನ್ನೊಂದ್ಸಲ ಹೇಳು."